ಕಟೀಲು ಬಸ್ಸಿನ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. 1990ರ ಕೊನೆಗೆ ಕಟೀಲಿನಿಂದ ಮಂಗಳೂರಿಗೆ ಬರುವ ಬಸ್ಸಿನಲ್ಲಿ ನನ್ನ ಶಾಲೆ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ ಕಾಲೇಜು ಹುಡುಗಿ ನೀವು. ಈಗ ಐವತ್ತು ದಾಟಿರಬೇಕು.

ಆ ವರ್ಷ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ಕರೆತಂದ ಲಕ್ಷಕ್ಕೂ ಹೆಚ್ಚು ಜನರಲ್ಲಿ ನಾವೂ ಇದ್ದೆವು. ಊರಿನ ಕಣ್ಣಿಗೆ ಮಾತ್ರ ನಾವು ಗಲ್ಫಿನವರು, ಅಂದರೆ ದುಡ್ಡಿದ್ದವರು! ಅಪ್ಪನ ಉಳಿತಾಯ ಅಲ್ಲಿನ ಬ್ಯಾಂಕಿನಲ್ಲೇ ಸಿಕ್ಕಿಬಿದ್ದು, ಅಮ್ಮನ ಬಳೆ ಅಡವಿಗೆ ಹೋಗಿತ್ತು.

ನಾನು ಹುಟ್ಟಿದ್ದೇ ಕುವೈತಿನಲ್ಲಿ. ಮನೆಮಾತು ತುಳು ಬರುತ್ತಿತ್ತು, ಕನ್ನಡ ಅಕ್ಷರ ಒಂದೂ ಬಾರದು. ನೀವು ಟಿಕೆಟಿನ ಹಿಂದೆ ಒತ್ತಕ್ಷರ ಬರೆದುಕೊಡುತ್ತಿದ್ದಿರಿ. ಎದುರು ಬರುವ ಬಸ್ಸಿನ ಬೋರ್ಡು ಓದಿಸುತ್ತಿದ್ದಿರಿ: ಬಜಪೆ, ಕಿನ್ನಿಗೋಳಿ, ಕಟೀಲು. ಕಿನ್ನಿಗೋಳಿಯಲ್ಲಿ ನಾನು ಯಾವಾಗಲೂ ಎಡವುತ್ತಿದ್ದೆ. ಕಂಡಕ್ಟರ್ ನಕ್ಕರೆ ಅವನಿಗೇ ಬೈಗುಳ.

ಎಲ್ಲರೂ ಯುದ್ಧದ ಕತೆ ಕೇಳುತ್ತಿದ್ದರು. ನೀವು ಕೇಳಿದ್ದು ಅಲ್ಲಿನ ನನ್ನ ಗೆಳೆಯರ ಹೆಸರು. ಒಬ್ಬ ಪ್ಯಾಲೆಸ್ಟೀನಿ, ಇನ್ನೊಬ್ಬ ಕೇರಳದವ. ಅವರ ಬಗ್ಗೆ ಇಲ್ಲಿ ಮಾತಾಡಿದ್ದು ನಿಮ್ಮ ಹತ್ತಿರ ಮಾತ್ರ.

ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಕನ್ನಡ ಪಾಸಾದೆ, ಅಕ್ಕಾ. ಅಷ್ಟರಲ್ಲಿ ನೀವು ಆ ಬಸ್ಸಿಗೆ ಬರುವುದು ನಿಂತಿತ್ತು. ತುಂಬಾ ಥ್ಯಾಂಕ್ಸ್.