ಉಳಿದ ವಿಪತ್ತು ನಿಧಿ ವರ್ಷಾಂತ್ಯಕ್ಕೆ ರದ್ದಾಗಬಾರದು

ಮಾನ್ಯ ಸಂಪಾದಕರೇ,

ಸ್ಥಳೀಯ ಆಡಳಿತದ ಆಯವ್ಯಯದಲ್ಲಿ ವಿಪತ್ತು ನಿರ್ವಹಣೆಗೆ ಮೀಸಲಿಡುವ ಮೊತ್ತವನ್ನು ಯಾವ ಆಧಾರದ ಮೇಲೆ ನಿಗದಿಪಡಿಸುತ್ತಾರೆ ಎಂಬ ಚರ್ಚೆ ನಡೆಯುವುದೇ ಅಪರೂಪ. ಹಿಂದಿನ ಸಾಲಿನ ಅಂಕಿಗೆ ಒಂದಿಷ್ಟು ಸೇರಿಸಿ ಬರೆದುಕೊಳ್ಳುವುದನ್ನೇ ಎಷ್ಟೋ ಕಡೆ ಯೋಜನೆ ಎಂದು ಭಾವಿಸಲಾಗಿದೆ. ಆ ವರ್ಷ ನೆರೆ, ಭೂಕಂಪ ಯಾವುದೂ ಸಂಭವಿಸದಿದ್ದರೆ ಉಳಿದ ಹಣ ರದ್ದಾಗುತ್ತದೆ ಅಥವಾ ಬೇರೆ ಶೀರ್ಷಿಕೆಗೆ ವರ್ಗವಾಗುತ್ತದೆ. ಖರ್ಚಾಗಲಿಲ್ಲವೆಂಬ ಕಾರಣಕ್ಕೆ ಮುಂದಿನ ಸಾಲಿನ ಅನುದಾನಕ್ಕೂ ಕತ್ತರಿ ಬೀಳುತ್ತದೆ. ಕಾಲುವೆಯ ಹೂಳೆತ್ತುವುದು, ಮುನ್ನೆಚ್ಚರಿಕೆ ವ್ಯವಸ್ಥೆಯನ್ನು ಪರೀಕ್ಷಿಸುವುದು, ಸಿಬ್ಬಂದಿಗೆ ತರಬೇತಿ ನೀಡುವುದು, ಇವೆಲ್ಲ ವಿಪತ್ತಿಲ್ಲದ ವರ್ಷದಲ್ಲೇ ಆಗಬೇಕಾದ ಕೆಲಸಗಳು ಎಂಬುದನ್ನು ಈ ಪದ್ಧತಿ ಪೂರ್ತಿಯಾಗಿ ಮರೆತಿದೆ.

ಈ ವಿಷಯದಲ್ಲಿ ಫಿಲಿಪ್ಪೀನ್ಸ್ 2010ರಲ್ಲಿ ಮಾಡಿದ ಕಾನೂನು ಗಮನಾರ್ಹ. ಅದರಂತೆ ಪ್ರತಿ ಸ್ಥಳೀಯ ಆಡಳಿತವೂ ತನ್ನ ನಿಯಮಿತ ಮೂಲಗಳ ಅಂದಾಜು ಆದಾಯದಲ್ಲಿ ಕನಿಷ್ಠ ಶೇ 5ರಷ್ಟನ್ನು ವಿಪತ್ತು ನಿಧಿಗೆ ತೆಗೆದಿಡಬೇಕು. ಅದರಲ್ಲಿ ಶೇ 30ರಷ್ಟು ಮಾತ್ರ ತುರ್ತು ಪರಿಹಾರಕ್ಕೆ ಕಾದಿಟ್ಟ ಹಣ. ವರ್ಷದಲ್ಲಿ ಬಳಕೆಯಾಗದೆ ಉಳಿದದ್ದು ಪ್ರತ್ಯೇಕ ನಿಧಿಗೆ ಸೇರಿ, ಐದು ವರ್ಷಗಳವರೆಗೆ ಇದೇ ಉದ್ದೇಶಕ್ಕೆ ಲಭ್ಯವಿರುತ್ತದೆ. ಹಣ ಕೈತಪ್ಪುವ ಭಯವಿಲ್ಲದ ಕಾರಣ, ಅಧಿಕಾರಿಗಳು ವರ್ಷದ ಕೊನೆಯಲ್ಲಿ ಅವಸರದ ಖರೀದಿಗೆ ಇಳಿಯಬೇಕಾಗಿಲ್ಲ ಎಂಬುದೇ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವ ಗುಣ.

ಶೇಕಡಾವಾರು ನಿಗದಿಯೊಂದೇ ಸಾಲದು ಎಂಬುದೂ ನಿಜ. ಯಾವ ಬಡಾವಣೆಯಲ್ಲಿ ನೀರು ಎಷ್ಟು ದಿನ ನಿಂತಿತು, ಯಾವ ಸೇತುವೆಯನ್ನು ಎಷ್ಟು ಬಾರಿ ದುರಸ್ತಿ ಮಾಡಲಾಯಿತು, ಆಸರೆ ಕೇಂದ್ರಕ್ಕೆ ವೃದ್ಧರೂ ಅಂಗವಿಕಲರೂ ತಲುಪಲು ಸಾಧ್ಯವಾಯಿತೇ ಎಂಬ ದಾಖಲೆಯಿಲ್ಲದೆ ಸಿದ್ಧಪಡಿಸಿದ ಅಂದಾಜು ಬರೀ ಊಹೆಯಾಗಿಬಿಡುತ್ತದೆ. ಉಪಕರಣ ಖರೀದಿಗೆ ಸಿಗುವ ಒಪ್ಪಿಗೆ ಅದರ ನಿರ್ವಹಣೆಗೆ ಸಿಗುವುದಿಲ್ಲವೆಂಬುದು ಇನ್ನೊಂದು ಕೊರತೆ. ನೀರೆತ್ತುವ ಪಂಪು ಉಗ್ರಾಣದಲ್ಲಿದ್ದು, ಅದಕ್ಕೆ ಇಂಧನವಾಗಲಿ ನಡೆಸಬಲ್ಲ ಸಿಬ್ಬಂದಿಯಾಗಲಿ ಇಲ್ಲದಿದ್ದರೆ ನೆರೆಯ ರಾತ್ರಿ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

2015ರ ಮಾರ್ಚ್‌ನಲ್ಲಿ ಜಪಾನಿನ ಸೆಂಡೈ ನಗರದಲ್ಲಿ ಅಂಗೀಕಾರವಾದ, 2030ರವರೆಗಿನ ಅಂತರರಾಷ್ಟ್ರೀಯ ಚೌಕಟ್ಟು ವಿಪತ್ತಿನ ಅಪಾಯ ತಗ್ಗಿಸಲು ಹಣ ಹೂಡುವುದನ್ನು ತನ್ನ ನಾಲ್ಕು ಆದ್ಯತೆಗಳಲ್ಲಿ ಒಂದಾಗಿ ಎಣಿಸಿದೆ. ಆ ಆದ್ಯತೆ ಸ್ಥಳೀಯ ಆಯವ್ಯಯದಲ್ಲಿ ಕಾಣಬೇಕಾದರೆ ಪೂರ್ವಸಿದ್ಧತೆ ಮತ್ತು ಪರಿಹಾರಕ್ಕೆ ಬೇರೆ ಬೇರೆ ಲೆಕ್ಕಶೀರ್ಷಿಕೆಗಳಿರಬೇಕು, ಪೂರ್ವಸಿದ್ಧತೆಯ ಉಳಿಕೆ ಮುಂದಿನ ಸಾಲಿಗೆ ಸಾಗಬೇಕು, ಮತ್ತು ಆಯವ್ಯಯಕ್ಕೆ ಸಭೆಯ ಒಪ್ಪಿಗೆ ಪಡೆಯುವ ಮುನ್ನ ಹಿಂದಿನ ವರ್ಷಗಳ ಹಾನಿಯ ವಿವರವನ್ನು ಸದಸ್ಯರ ಹಾಗೂ ನಾಗರಿಕರ ಮುಂದಿಡಬೇಕು ಎಂದು ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ