ಹಿತ್ತಲನ್ನೆಲ್ಲ ಕಾಂಕ್ರೀಟ್ ಮಾಡಬೇಡಿ, ಮಕ್ಕಳಿಗೆ ಒಂದಿಷ್ಟು ಮಣ್ಣು ಬಿಡಿ

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು ಹೇಳಬೇಕಿದೆ. ಅದಕ್ಕೇ ಈ ಪತ್ರ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಯಾವ ಕಡೆ ಹೋದರೂ ಹೊಸ ಬಡಾವಣೆಗಳು ಎದ್ದಿವೆ. ಮನೆಗಳು ಚೆನ್ನಾಗಿವೆ. ಆದರೆ ಗೇಟು ತೆಗೆದು ಒಳಗೆ ಹೋದರೆ ಮಣ್ಣು ಅನ್ನೋದೇ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಟೈಲ್ಸ್, ಪಕ್ಕಕ್ಕೆ ಪೇವರ್ಸ್, ಹಿಂದೆ ಕಾಂಕ್ರೀಟ್. ಕಾಂಪೌಂಡ್ ಗೋಡೆ ತಾಗುವವರೆಗೂ ಒಂದು ಹುಲ್ಲು ಹುಟ್ಟದಂತೆ ಹಾಕಿಸಿರುತ್ತಾರೆ. ಆ ಮನೆಯಲ್ಲಿ ಎರಡು-ಮೂರು ವರ್ಷದ ಮಗು ಇದ್ದರೆ ಅದು ಒಳಗೆ ಸೋಫಾ ಮೇಲೆ ಮೊಬೈಲ್ ಹಿಡಿದು ಕೂತಿರುತ್ತದೆ, ತಾಯಿ ತಟ್ಟೆ ಹಿಡಿದು ಒಂದೊಂದು ತುತ್ತಿಗೂ ಗೋಗರೆಯುತ್ತಿರುತ್ತಾಳೆ. ಮಣ್ಣಿಲ್ಲದ ಅಂಗಳಕ್ಕೂ ಮಗುವಿನ ಈ ಪಾಡಿಗೂ ಸಂಬಂಧ ಇದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ನಾನು ಇಬ್ಬರು ಸಣ್ಣ ಮಕ್ಕಳ ತಾಯಿ. ನಮ್ಮದು 30–40 ಸೈಟ್. ಮನೆ ಕಟ್ಟುವಾಗ ಮೇಸ್ತ್ರಿ, ಸಂಬಂಧಿಕರು, ಅಕ್ಕಪಕ್ಕದವರು ಎಲ್ಲರದೂ ಒಂದೇ ಮಾತು. "ಹಿಂದಿಂದೂ ಕಾಂಕ್ರೀಟ್ ಹಾಕ್ಸಿಬಿಡ್ರಿ ಅಕ್ಕಾರ, ಕಸ ಆಗಂಗಿಲ್ಲ, ಹುಳ ಬರಂಗಿಲ್ಲ." ನಮ್ಮ ಅತ್ತೆ ಮಾತ್ರ ಒಪ್ಪಲಿಲ್ಲ. ಅವರು ಚಿತ್ತಾಪುರ ಕಡೆ ಹಳ್ಳಿಯವರು. "ನಾಕ್ ಎಲಿ ಪಲ್ಯ ಹರಕೊಳ್ಳಾಕ ಜಾಗ ಇಲ್ಲಂದ್ರ ಅದೆಂಥ ಮನಿ?" ಅಂದರು. ಹಿಂದಿನ ಜಾಗದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಮಾತ್ರ ಶಹಾಬಾದ್ ಕಲ್ಲು ಹಾಸಿ, ಉಳಿದದ್ದು ಮಣ್ಣಾಗಿಯೇ ಉಳಿಯಿತು.

ಅಲ್ಲಿ ದೊಡ್ಡ ತೋಟ ಏನೂ ಇಲ್ಲ. ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ, ದಾಸವಾಳ, ಮೂಲೆಗೆ ಒಂದು ಸೀತಾಫಲ. ಮಧ್ಯೆ ಒಂದು ಸಣ್ಣ ಮಡಿ. ಮಳೆಗಾಲದಲ್ಲಿ ಅದರಲ್ಲಿ ಪುಂಡಿ ಅನ್ನೋ ಹುಳಿ ಸೊಪ್ಪು, ಚಳಿಗಾಲದಲ್ಲಿ ಮೆಂತ್ಯ, ಕೊತ್ತಂಬರಿ, ರಾಜಗಿರಿ. ಮೆಂತ್ಯದ ಬೀಜಕ್ಕೆ ಅಂಗಡಿಗೆ ಹೋಗುವುದೂ ಬೇಡ, ಅಡುಗೆಮನೆ ಡಬ್ಬಿಯಲ್ಲಿರುವ ಕಾಳೇ ಸಾಕು. ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿದರೆ ನಾಲ್ಕೈದು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ, ತಿಂಗಳೊಳಗೆ ಸೊಪ್ಪು ಕೈಗೆ ಸಿಗುತ್ತದೆ. ಸಣ್ಣ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಬೆಳೆ ಇಲ್ಲ, ಯಾಕಂದ್ರೆ ಅವರಿಗೆ ಕಾಯುವ ತಾಳ್ಮೆ ಕಡಿಮೆ. ಕೊತ್ತಂಬರಿ ಹಾಗಲ್ಲ, ಕಾಳನ್ನು ಎರಡು ಹೋಳು ಮಾಡಿ ಹಾಕಬೇಕು, ಆಮೇಲೂ ವಾರ ಹತ್ತು ದಿನ ಸತಾಯಿಸುತ್ತದೆ. ಆ ಹೋಳು ಮಾಡುವ ಕೆಲಸ ಮಕ್ಕಳಿಗೇ ಕೊಡಿ, ಲಟ್ಟಣಿಗೆ ಹಿಡಿದು ಉಜ್ಜುವುದೆಂದರೆ ಅವರಿಗೆ ಎಲ್ಲಿಲ್ಲದ ಖುಷಿ.

ನನ್ನ ಮಗಳು ಸೊಪ್ಪು ಕಂಡರೆ ಮುಖ ತಿರುಗಿಸುತ್ತಿದ್ದಳು. ಈಗ ತನ್ನ ಕೈಯಾರೆ ಹರಿದು ತಂದ ಮೆಂತ್ಯದ ಪಚಡಿಯನ್ನು ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾಳೆ. ಮಾಡುವುದು ಸುಲಭ. ಎಳೆ ಮೆಂತ್ಯ ಸೊಪ್ಪು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಶೇಂಗಾ ಪುಡಿ, ಉಪ್ಪು, ಒಂದು ಚಮಚ ಎಣ್ಣೆ, ಮೇಲೆ ನಿಂಬೆಹುಳಿ. ಒಲೆ ಹಚ್ಚುವುದೇ ಬೇಡ. ಮಗ ಇನ್ನೂ ಚಿಕ್ಕವನು, ಅವನಿಗೆ ರೊಟ್ಟಿ ಮುಟಗಿ. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಬಿಸಿ ಇರುವಾಗಲೇ ಪುಡಿ ಮಾಡಿ, ಖಾರ ಬಿಟ್ಟು, ತುಪ್ಪ, ಚೂರು ಬೆಳ್ಳುಳ್ಳಿ, ಉಪ್ಪು ಹಾಕಿ ಮುಟಗಿ ಕಟ್ಟಿ ಕೊಟ್ಟರೆ ಅದನ್ನು ಹಿಡಿದುಕೊಂಡೇ ಹಿತ್ತಲಿಗೆ ಓಡುತ್ತಾನೆ. ನುಗ್ಗೆ ಸೊಪ್ಪು ಬಿಡಿಸುವುದು ಇಬ್ಬರ ಕೆಲಸ. ಬಿಡಿಸಿದ್ದಕ್ಕಿಂತ ಚೆಲ್ಲಿದ್ದೇ ಜಾಸ್ತಿ, ಇರಲಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ವಿಶೇಷ ಬೆಳೆ ಅನ್ನೋ ಭೌಗೋಳಿಕ ಗುರುತು) ಸಿಕ್ಕಿತು ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ, ಆ ಬೇಳೆ ಕುದಿಯುವಾಗ ಎರಡು ಹಿಡಿ ನುಗ್ಗೆ ಸೊಪ್ಪು ಹಾಕಿ ನೋಡಿ, ಅದರ ರುಚಿಯೇ ಬೇರೆ. ಪುಂಡಿ ಪಲ್ಯವಂತೂ ಹೇಳುವುದೇ ಬೇಡ. ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಎರಡು ದಿನ ಇಟ್ಟು ತಿಂದರೂ ಕೆಡುವುದಿಲ್ಲ. ಮಕ್ಕಳ ಪಾಲಿಗೆ ಮೆಣಸಿನಕಾಯಿ ಹಾಕುವ ಮೊದಲೇ ಸ್ವಲ್ಪ ತೆಗೆದಿಟ್ಟರಾಯಿತು.

ಇದು ಬರೀ ರುಚಿಯ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ ಇದೆ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತಲೇ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣು ಕೊಡುವುದನ್ನು ಮೊದಲು ಈ ಭಾಗದ ಜಿಲ್ಲೆಗಳಲ್ಲೇ ಶುರು ಮಾಡಿದರು. ಶಾಲೆಯಲ್ಲಿ ಸಿಗುವುದು ಸಿಗಲಿ, ಮನೆಯಲ್ಲಿ ನಾವು ಮಾಡಬಹುದಾದದ್ದೂ ಇದೆ ಅಲ್ವಾ? ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಎ ಎಲ್ಲ ಇದೆ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಊಟದಲ್ಲಿ ವಿಟಮಿನ್ ಸಿ ಇರಬೇಕು, ಅದಕ್ಕೆ ಮೇಲೆ ನಿಂಬೆಹಣ್ಣು ಹಿಂಡುವುದು. ಊಟದ ಜೊತೆಗೇ ಚಹಾ ಕುಡಿದರೆ ಆ ಕಬ್ಬಿಣಾಂಶ ಸರಿಯಾಗಿ ಸೇರುವುದಿಲ್ಲ. ನಮ್ಮ ಕಡೆ ಎರಡು ವರ್ಷದ ಮಗುವಿಗೂ ಬಸಿಯಲ್ಲಿ ಚಹಾ ಹಾಕಿ, ಬಿಸ್ಕಿಟ್ ಅದ್ದಿ ತಿನ್ನಿಸುತ್ತಾರೆ, ಇದು ನಿಲ್ಲಬೇಕು.

ಇನ್ನು ಆ ಹಿತ್ತಲು ಮಕ್ಕಳಿಗೆ ತೋರಿಸುವ ಲೋಕವೇ ಬೇರೆ. ನಮ್ಮ ಕರಿಬೇವಿನ ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಪುಟ್ಟ ಹುಳಗಳು ಬಂದವು. ಕೆಲವು ದಿನಕ್ಕೆ ಅವು ಹಚ್ಚ ಹಸಿರಾಗಿ, ಬೆರಳಷ್ಟು ದಪ್ಪ ಆಗಿ, ಎಲೆ ಎಲ್ಲ ತಿಂದು ಕಡ್ಡಿ ಉಳಿಸಿದವು. ಪಕ್ಕದ ಮನೆಯವರು ಔಷಧ ಹೊಡೆಯಿರಿ ಅಂದರು. ನಾವು ಹೊಡೆಯಲಿಲ್ಲ. ಮಗಳು ದಿನಾ ಶಾಲೆಗೆ ಹೋಗುವ ಮೊದಲು ಎಣಿಸಿ ಬರುತ್ತಿದ್ದಳು. ಮುಟ್ಟಿದರೆ ಅವು ತಲೆಯಿಂದ ಕೆಂಪು ಕೊಂಬು ಹೊರಗೆ ಚಾಚುತ್ತವೆ, ಒಂಥರಾ ವಾಸನೆ ಬಿಡುತ್ತವೆ, ಹಕ್ಕಿಗಳನ್ನು ಹೆದರಿಸುವುದಕ್ಕೆ. ಆಮೇಲೆ ಒಂದು ದಾರದಿಂದ ನಡ ಕಟ್ಟಿಕೊಂಡು ಕಡ್ಡಿಗೆ ಅಂಟಿ ಕೋಶ ಆಗುತ್ತವೆ. ಒಂದು ಬೆಳಿಗ್ಗೆ ಅದರಿಂದ ಕಪ್ಪು ಬಣ್ಣದ, ಬಿಳಿ ಚುಕ್ಕೆಯ ಚಿಟ್ಟೆ ಹೊರಬಂದು ರೆಕ್ಕೆ ಒಣಗಿಸಿಕೊಳ್ಳುತ್ತಾ ಕೂತಿತ್ತು. ಮೊಟ್ಟೆಯಿಂದ ಚಿಟ್ಟೆಯವರೆಗೆ ಹೆಚ್ಚುಕಡಿಮೆ ಒಂದು ತಿಂಗಳು ಅಷ್ಟೇ. ಕರಿಬೇವು ಮತ್ತೆ ಚಿಗುರಿತು, ನಮ್ಮ ಒಗ್ಗರಣೆಗೆ ಏನೂ ಕಡಿಮೆ ಆಗಲಿಲ್ಲ. ಪುಸ್ತಕದಲ್ಲಿ ಚಿಟ್ಟೆಯ ಜೀವನಚಕ್ರದ ಚಿತ್ರಕ್ಕೆ ಬಣ್ಣ ತುಂಬುವ ಮಕ್ಕಳು ಎಷ್ಟೋ ಇದ್ದಾರೆ, ಅದನ್ನು ಕಣ್ಣಾರೆ ನೋಡಿದವರು ಎಷ್ಟು ಜನ ಹೇಳಿ?

ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಸಿಂಪಿಗ ಹಕ್ಕಿ ಅಗಲ ಎಲೆಯನ್ನು ಜೇಡರ ನೂಲು, ಹತ್ತಿ ಎಳೆಯಿಂದ ಹೊಲಿದು ಗೂಡು ಮಾಡುತ್ತದೆ, ಎಷ್ಟು ನೋಡಿದರೂ ಸಾಲದು. ಗುಬ್ಬಿ ಬರಲಿ ಅಂತ ಟೆರೇಸ್ ಮೇಲೆ ಕಾಳು ಹಾಕುತ್ತಾರೆ, ಒಳ್ಳೆಯದೇ. ಆದರೆ ಗುಬ್ಬಿ ತನ್ನ ಎಳೆ ಮರಿಗೆ ಉಣಿಸುವುದು ಹುಳಗಳನ್ನು. ಹುಳ ಬೇಕಂದ್ರೆ ಗಿಡ ಬೇಕು, ಮಣ್ಣು ಬೇಕು.

ಕಾಂಕ್ರೀಟ್ ಹಾಕಿಸುವವರ ಭಯವೂ ಸುಳ್ಳಲ್ಲ. ಅದನ್ನೂ ಮಾತಾಡೋಣ. ನಮ್ಮದು ಎರೆಮಣ್ಣು, ಅಂದರೆ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಗೋಡೆ ಬುಡದಲ್ಲಿ ನೀರು ನಿಂತರೆ ಗೋಡೆ ಸೀಳುವುದು ನಿಜ. ಅದಕ್ಕೆ ಗೋಡೆಯ ಸುತ್ತ ಎರಡು-ಮೂರು ಅಡಿ ಮಾತ್ರ ಗಟ್ಟಿ ಮಾಡಿ, ಹೊರಗೆ ಇಳಿಜಾರು ಕೊಟ್ಟು, ಅದರಾಚೆ ಮಣ್ಣು ಬಿಡಬಹುದು. ಎಲ್ಲಿ ಎಷ್ಟು ಬೇಕು ಅಂತ ಇಂಜಿನಿಯರನ್ನು ಕೇಳಿ. ಬೇವು, ಹುಣಸೆಯಂಥ ದೊಡ್ಡ ಮರವನ್ನು ಗೋಡೆಗೆ ಒತ್ತಿ ಹಚ್ಚಬೇಡಿ. ನುಗ್ಗೆ ಕೊಂಬೆ ಮೆತ್ತಗಿರುತ್ತದೆ, ಗಾಳಿಗೆ ಮುರಿಯುತ್ತದೆ, ಮಕ್ಕಳನ್ನು ಹತ್ತಲು ಬಿಡಬೇಡಿ, ವರ್ಷಕ್ಕೊಮ್ಮೆ ತಲೆ ಸವರಿದರೆ ಸೊಪ್ಪೂ ಕೈಗೆಟಕುತ್ತದೆ.

ಹಾವು, ಚೇಳು ಬರುತ್ತವೆ ಅನ್ನುತ್ತಾರೆ. ಅವು ಅಡಗುವುದು ಕಲ್ಲು, ಇಟ್ಟಿಗೆ, ಹಳೆ ಕಟ್ಟಿಗೆ ರಾಶಿಯಲ್ಲಿ. ಮನೆ ಕಟ್ಟಿ ಉಳಿದ ಸಾಮಾನನ್ನು ವರ್ಷಗಟ್ಟಲೆ ಮೂಲೆಗೆ ಬಿಟ್ಟರೆ ಅಲ್ಲಿಗೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಜಾಗ ಸ್ವಚ್ಛ ಇರಲಿ, ಕತ್ತಲಾದ ಮೇಲೆ ಮಕ್ಕಳನ್ನು ಬರಿಗಾಲಲ್ಲಿ ಬಿಡಬೇಡಿ. ಸೊಳ್ಳೆ ಮಾತಿಗೆ ಬಂದರೆ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ. ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರಲ್ಲ ಅಂತ ಡ್ರಮ್ಮು, ಬ್ಯಾರೆಲ್ಲು ತುಂಬಿ ಇಡುತ್ತೇವೆ, ಬೇಸಿಗೆ ಮುಗಿದರೂ ಕೂಲರ್ ತಳದ ನೀರು ಚೆಲ್ಲುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ವಾರಕ್ಕೊಮ್ಮೆ ಇವನ್ನು ಖಾಲಿ ಮಾಡಿ ತಿಕ್ಕಬೇಕು, ಕುಂಡದ ಕೆಳಗಿನ ತಟ್ಟೆಯನ್ನೂ ಬಿಡಬಾರದು.

ಮಣ್ಣು ತಿಂದು ಹೊಟ್ಟೆಯಲ್ಲಿ ಜಂತು ಆಗುತ್ತದೆ ಅನ್ನುವುದು ಇನ್ನೊಂದು ಭಯ. ಜಂತು ಬರುವುದು ಮಲದ ಕೊಳೆ ಸೇರಿದ ಮಣ್ಣಿನಿಂದ. ಹಿತ್ತಲಿಗೆ ಆ ಕೊಳೆ ಬರದಂತೆ ನೋಡಿಕೊಳ್ಳಿ, ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ, ಉಗುರು ಕತ್ತರಿಸಿ. ಅಂಗನವಾಡಿ, ಶಾಲೆಗಳಲ್ಲಿ 2015ರಿಂದ ಜಂತುಹುಳು ಮಾತ್ರೆ ಉಚಿತವಾಗಿ ಕೊಡುತ್ತಾರೆ, ಫೆಬ್ರುವರಿ 10ರ ಸುತ್ತಮುತ್ತ, ತಪ್ಪಿಸಬೇಡಿ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ಕಣಗಿಲೆ, ಔಡಲ (ಹರಳು ಗಿಡ), ದತ್ತೂರಿ ಇರಬಾರದು. ಔಡಲದ ಬೀಜ ನೋಡಲು ಚೆಂದ, ಆದರೆ ವಿಷ. ಮಕ್ಕಳು ಮೊದಲು ಬಾಯಿಗೇ ಹಾಕುತ್ತಾರೆ.

ನೀರು ಎಲ್ಲಿಂದ ತರೋದು ಅಂತ ಕೇಳುವವರಿದ್ದಾರೆ. ಭೀಮಾ, ಬೆಣ್ಣೆತೊರಾ ನೀರಿಗೆ ಕಾಯುವ ಊರು ನಮ್ಮದು, ಆ ಪ್ರಶ್ನೆ ಸರಿಯೇ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದರೆ ಒಂದು ಮಡಿಗೆ ಸಾಕಾಗುತ್ತದೆ. ಗಿಡದ ಬುಡಕ್ಕೆ ಒಣಗಿದ ಎಲೆ ಹೊದಿಸಿದರೆ ಎರೆಮಣ್ಣು ಬೇಗ ಬಿರಿಯುವುದಿಲ್ಲ, ತೇವ ನಿಲ್ಲುತ್ತದೆ. ಪೂರ್ತಿ ಕಾಂಕ್ರೀಟ್ ಮಾಡಿದ ಅಂಗಳ ಏಪ್ರಿಲ್, ಮೇ ತಿಂಗಳಲ್ಲಿ ಹೇಗೆ ಕಾಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಸಂಜೆಯಾದರೂ ಮಗು ಅಲ್ಲಿ ಕಾಲಿಡಲಾರದು, ರಾತ್ರಿಯವರೆಗೂ ಆ ಝಳ ಕಿಟಕಿಯಿಂದ ಒಳಗೆ ಬರುತ್ತಿರುತ್ತದೆ. ಮಳೆ ಬಂದರೆ ನೀರೆಲ್ಲ ರಸ್ತೆಗೆ. ನಂತರ ಬೋರ್‌ವೆಲ್ ಬತ್ತಿತು ಅಂತ ದೂರುತ್ತೇವೆ.

ಹೊಲ ಇದ್ದವರು ಎಳ್ಳ ಅಮಾವಾಸ್ಯೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಭೂತಾಯಿಗೆ ಎಡೆಯಾಗಿ ಅಡುಗೆಯನ್ನು ಹೊಲದಲ್ಲಿ ಎರಚುತ್ತಾರೆ, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಗಿಡದ ಕೆಳಗೆ ಕೂತು ಉಣ್ಣುತ್ತಾರೆ. ಊರಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಹೊಲವೂ ಇಲ್ಲ, ಹಿತ್ತಲೂ ಇಲ್ಲ. ಯುಗಾದಿಗೆ ಬೇವಿನ ಹೂವನ್ನೂ ಮಾರ್ಕೆಟ್‌ನಿಂದ ತರುವ ಹಾಗಾಗಿದೆ. ಇದು ನನಗೆ ನಿಜವಾಗಿಯೂ ಸಂಕಟ ಕೊಡುತ್ತದೆ.

ಹಾಗಾಗಿ ಮನೆ ಕಟ್ಟಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹತ್ತು ಅಡಿ ಉದ್ದ, ಐದು ಅಡಿ ಅಗಲ ಜಾಗವಾದರೂ ಮಣ್ಣಾಗಿ ಬಿಡಿ. ಬಾಡಿಗೆ ಮನೆಯವರು ಒಡೆದ ಬಕೆಟ್, ಬಣ್ಣದ ಡಬ್ಬಿಗೆ ತೂತು ಮಾಡಿ ಮೆಂತ್ಯ ಹಾಕಿ. ಪಾಲಿಕೆಯವರು ಕಟ್ಟಡಕ್ಕೆ ಅನುಮತಿ ಕೊಡುವಾಗ ಸುತ್ತ ಖಾಲಿ ಜಾಗ ಬಿಡಿಸುತ್ತಾರೆ, ಅದರಲ್ಲಿ ಒಂದು ಪಾಲು ಮಣ್ಣಾಗಿಯೇ ಇರಬೇಕು ಅಂತ ಷರತ್ತು ಹಾಕಲಿ. ಬಡಾವಣೆಯ ಉದ್ಯಾನಗಳಲ್ಲೂ ಮಕ್ಕಳು ಅಗೆದು ಆಡುವುದಕ್ಕೆ ಒಂದು ಮೂಲೆ ಇರಲಿ. ತಮ್ಮ ಪತ್ರಿಕೆ ವಾರಕ್ಕೊಮ್ಮೆ ಈ ಭಾಗದ ಹಿತ್ತಲು, ಅಡುಗೆ ಬಗ್ಗೆ ಗೃಹಿಣಿಯರಿಂದಲೇ ಬರೆಸಿದರೆ ನಾವು ತಪ್ಪದೆ ಬರೆಯುತ್ತೇವೆ.

ಜೂನ್ ಮೊದಲ ವಾರ ಕಳೆದರೆ ಮಿರಗ, ಅಂದರೆ ಮೃಗಶಿರ ಮಳೆ ಬರುತ್ತದೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ರಿಯಾಯಿತಿ ದರಕ್ಕೆ ಸಸಿ ಸಿಗುತ್ತವೆ. ನುಗ್ಗೆಗೆ ಅದೂ ಬೇಡ, ಬಲಿತ ಕೊಂಬೆ ಕಡಿದು ನೆಟ್ಟರೆ ಚಿಗುರುತ್ತದೆ. ನಮ್ಮ ಓಣಿಯಲ್ಲಿ ಕೇಳಿದವರಿಗೆಲ್ಲ ನಾನೇ ಕಡಿದು ಕೊಡುತ್ತೇನೆ.

ಇಂತಿ,
ಸೇಡಂ ರಸ್ತೆ ಬಡಾವಣೆಯೊಂದರ ಗೃಹಿಣಿ,
ಕಲಬುರಗಿ