ಬಿಲ್ ಸರಿಯಿದ್ದ ಮೇಲೂ ಗೋಡೌನಿಗೆ ಕರೆದುಕೊಂಡು ಹೋಗಿದ್ದು ಯಾಕೆ?

ಗೆ,
ಗ್ರಾಹಕರ ದೂರು ವಿಭಾಗ,
ಕೇಂದ್ರ ಕಚೇರಿ

ವಿಷಯ: ಹಾಸನದ ಬಿ.ಎಂ. ರಸ್ತೆಯ ನಿಮ್ಮ ಸೂಪರ್ ಮಾರ್ಕೆಟ್‌ನಲ್ಲಿ ನನ್ನನ್ನು ಕಳ್ಳಿ ಅಂತ ತಡೆದು ನಿಲ್ಲಿಸಿದ ಬಗ್ಗೆ

ನಮಸ್ಕಾರ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಗಿಫ್ಟ್ ವೋಚರ್‌ಗಾಗಿ ಅಲ್ಲ. ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗಿ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ "ಐನೂರು ರೂಪಾಯಿ ವೋಚರ್ ಕಳಿಸ್ತೀವಿ ಮೇಡಂ, ಕಂಪ್ಲೇಂಟ್ ಕ್ಲೋಸ್ ಮಾಡಲಾ?" ಅಂದಳು. ಮಾಡಬೇಡಿ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಪಾಪ ಅವಳಿಗೆ ಏನು ಹೇಳಿಕೊಟ್ಟಿದ್ದಾರೋ ಅದನ್ನೇ ಹೇಳಿದಳು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಹಾಸನಾಂಬೆ ಬಾಗಿಲು ತೆಗೆದಿದ್ದ ವಾರ ಅದು. ಊರಲ್ಲಿ ಕಾಲಿಡಲು ಜಾಗ ಇರಲಿಲ್ಲ, ನಿಮ್ಮ ಅಂಗಡಿಯಲ್ಲೂ ಅಷ್ಟೇ. ನಾನು, ನಮ್ಮ ಅತ್ತೆ ಇಬ್ಬರೂ ಹಬ್ಬದ ಸಾಮಾನಿಗೆ ಬಂದಿದ್ದೆವು. ಎಳ್ಳೆಣ್ಣೆ, ಕಡಲೆಹಿಟ್ಟು, ಬೆಲ್ಲ, ಪಾತ್ರೆ ತೊಳೆಯುವ ಸೋಪು, ಇಂಥವೇ. ಬಿಲ್ 1,740 ರೂಪಾಯಿ ಆಯಿತು, ಫೋನಿನಲ್ಲೇ ಕಟ್ಟಿದೆ, ಬಿಲ್ ಕೈಯಲ್ಲೇ ಇತ್ತು. ಹೊರಗೆ ಹೋಗುವ ಬಾಗಿಲಲ್ಲಿ ಎರಡು ಕಂಬ ನಿಲ್ಲಿಸಿದ್ದೀರಲ್ಲ, ಅದರ ಮಧ್ಯೆ ಕಾಲಿಟ್ಟೆ, ಕೂಗಿಕೊಂಡಿತು.

ಕೂಗಿತು ಅಂತ ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಮೆಷಿನ್ ಇಟ್ಟ ಮೇಲೆ ಕೇಳಬೇಕಾದ್ದೇ. ಸೆಕ್ಯೂರಿಟಿಯವರು ಬಿಲ್ ಕೇಳಿದರು, ಕೊಟ್ಟೆ. ಚೀಲದಲ್ಲಿದ್ದ ಒಂದೊಂದೇ ಸಾಮಾನು ಹೊರಗೆ ತೆಗೆದು ಬಿಲ್ಲಿಗೆ ತಾಳೆ ನೋಡಿದರು, ಎಲ್ಲಾ ಸರಿ ಇತ್ತು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ?

ಮುಗಿಯಲಿಲ್ಲ. ಸೂಪರ್‌ವೈಸರ್ ಬಂದರು. ಬಂದವರು ಬಿಲ್ ನೋಡಲೇ ಇಲ್ಲ. "ಎಲ್ಲಿ ಇಟ್ಕೊಂಡಿದ್ದೀರಾ ತೆಗೀರಿ, ಸುಮ್ನೆ ಟೈಮ್ ವೇಸ್ಟ್ ಮಾಡಬೇಡಿ" ಅಂತ ಕ್ಯಾಶ್ ಕೌಂಟರ್‌ನ ಕ್ಯೂ ಪೂರ್ತಿ ತಿರುಗಿ ನೋಡುವ ಹಾಗೆ ಜೋರಾಗಿ ಹೇಳಿದರು. ಏನು ಕದ್ದಿದ್ದೇನೆ ಹೇಳಿ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. ನಮ್ಮ ಅತ್ತೆ ಮುಂದೆ ಬಂದು "ನನ್ ಸೊಸೆ ದುಡ್ಡು ಕಟ್ಟಿದ್ದು ನಾನೇ ನೋಡಿದ್ದೀನಲ್ಲಪ್ಪಾ" ಅಂದರೆ "ಅಜ್ಜಿ, ನೀವು ಸೈಡಿಗೆ ಕೂತ್ಕೊಳ್ಳಿ" ಅಂದರು. ಆಮೇಲೆ ನನ್ನನ್ನು ಹಿಂದಿನ ಗೋಡೌನಿಗೆ ಕರೆದುಕೊಂಡು ಹೋದರು. ಕರೆದುಕೊಂಡು ಹೋದರು ಅನ್ನುವುದೂ ತಪ್ಪು. ಮುಂದೊಬ್ಬರು ಹಿಂದೊಬ್ಬರು ನಿಂತು ನಡೀರಿ ಅಂದರೆ ಅದಕ್ಕೆ ಬೇರೆ ಏನಂತಾರೆ?

ಅಲ್ಲಿ ಅಕ್ಕಿ ಮೂಟೆಗಳ ಮಧ್ಯೆ ನಿಲ್ಲಿಸಿ ವೇಲ್ ತೆಗೆದು ಕೊಡವಿ ಅಂದರು. ಇಬ್ಬರೂ ಗಂಡಸರೇ. ಹೆಂಗಸರು ಯಾರಾದರೂ ಬರಲಿ ಅಂದೆ. ಬಿಲ್ಲಿಂಗ್‌ನಲ್ಲಿದ್ದ ಒಬ್ಬ ಹುಡುಗಿಯನ್ನು ಕರೆಸಿದರು, ಅವಳ ಕೈ ನನಗಿಂತ ಜಾಸ್ತಿ ನಡುಗುತ್ತಿತ್ತು. ಆ ಹುಡುಗಿಯೇ ನನ್ನ ಚೂಡಿದಾರ್ ಟಾಪ್‌ನ ಒಳಗೆ ಪಕ್ಕದ ಹೊಲಿಗೆಯಲ್ಲಿ ಒಂದು ಬಿಳಿ ಪಟ್ಟಿ ಕಂಡು "ಸಾರ್, ಇದೇ ಇರಬೇಕು" ಅಂದಳು. ಬೆರಳುದ್ದದ ಪಟ್ಟಿ, ಒತ್ತಿದರೆ ಒಳಗೆ ಗಟ್ಟಿಯಾಗಿ ಸಿಗುತ್ತಿತ್ತು. ಬೇರೆ ರೆಡಿಮೇಡ್ ಅಂಗಡಿಯಲ್ಲಿ ಕೊಂಡ ಟಾಪ್ ಅದು, ಅವತ್ತೇ ಮೊದಲ ಸಲ ಹಾಕಿದ್ದೆ. ಕತ್ತರಿಸಿ ಕಂಬದ ಹತ್ತಿರ ಹಿಡಿದರು, ಕೂಗಿತು. ನಾನು ಹಾಗೇ ದಾಟಿದೆ, ಕೂಗಲಿಲ್ಲ.

ಆಗ ಸೂಪರ್‌ವೈಸರ್ ಹೇಳಿದ್ದು ಇಷ್ಟೇ: "ಸರಿ ಹೋಗಿ ಮೇಡಂ, ಏನೂ ಇಲ್ಲ."

ಏನೂ ಇಲ್ಲ! ನಿಮ್ಮ ಸಿಬ್ಬಂದಿಗೆ ಆ ಮೆಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಹೇಳಿಕೊಟ್ಟಿಲ್ಲ ಅನ್ನಿಸುತ್ತದೆ. ಅದು ಬಿಲ್ ಓದುವುದಿಲ್ಲ, ಕಳ್ಳರನ್ನೂ ಗುರುತು ಹಿಡಿಯುವುದಿಲ್ಲ. ಚಾಲೂ ಇರುವ ಟ್ಯಾಗ್, ಅಂದರೆ ಕಳ್ಳತನ ತಡೆಯಲು ಸಾಮಾನಿಗೆ ಹಾಕುವ ಇಂಥ ಪಟ್ಟಿ, ಹತ್ತಿರ ಬಂದರೆ ಕೂಗುತ್ತದೆ, ಅಷ್ಟೇ. ಈ ಜಾತಿಯ ಟ್ಯಾಗ್ ಒಳಗೆ ತೆಳ್ಳನೆಯ ಲೋಹದ ಪಟ್ಟಿ ಇರುತ್ತದೆ, ಬಹಳಷ್ಟು ಅಂಗಡಿಗಳಲ್ಲಿ ಇವೆಲ್ಲ ಒಂದೇ ಫ್ರೀಕ್ವೆನ್ಸಿಯಲ್ಲಿ, 58 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಬಿಲ್ ಮಾಡುವಾಗ ಕೌಂಟರಿನಲ್ಲಿ ಟ್ಯಾಗ್ ನಿಲ್ಲಿಸುವ ಪ್ಯಾಡ್ ಮೇಲೆ ಸರಿಯಾಗಿ ಇಟ್ಟು ಅದನ್ನು ಸಾಯಿಸದಿದ್ದರೆ ಟ್ಯಾಗ್ ಜೀವಂತವಾಗೇ ಇರುತ್ತದೆ, ಆಮೇಲೆ ಬೇರೆ ಅಂಗಡಿಯ ಬಾಗಿಲಲ್ಲೂ ಕೂಗಿಸುತ್ತದೆ. ನಿಮ್ಮಲ್ಲಿ ಒಳಗೆ ಬರುವ ಬಾಗಿಲಿಗೆ ಕಂಬವೇ ಇಲ್ಲ. ಇದ್ದಿದ್ದರೆ ನಾನು ಬರುವಾಗಲೇ ಕೂಗುತ್ತಿತ್ತು, ಈ ರಾಮಾಯಣವೇ ಇರುತ್ತಿರಲಿಲ್ಲ.

ಇನ್ನು ಕಾನೂನಿನ ಮಾತು. ನಮ್ಮ ಭಾವ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ, ಅವರ ಮುಂದೆ ಕೂತು ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ. 2024ರ ಜುಲೈ 1ರಿಂದ ಬಂದಿರುವ ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್‌ನಲ್ಲಿ, ಪೊಲೀಸರಲ್ಲದವರು ಒಬ್ಬರನ್ನು ಹಿಡಿದು ನಿಲ್ಲಿಸಬೇಕಾದರೆ ಅಪರಾಧ ಅವರ ಕಣ್ಣೆದುರೇ ನಡೆದಿರಬೇಕು, ಅದೂ ಜಾಮೀನು ಸಿಗದಂಥ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಆಗಿರಬೇಕು. ಹಿಡಿದವರು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮಾಲಿನ ಸಾಮಾನ್ಯ ಕಳ್ಳತನ ಈ ಸಾಲಿಗೇ ಬರುವುದಿಲ್ಲ. ನಿಮ್ಮಲ್ಲಿ ಯಾರೂ ಏನನ್ನೂ ಕಣ್ಣಿಂದ ನೋಡಿರಲಿಲ್ಲ, ಪೊಲೀಸರಿಗೂ ಫೋನ್ ಹೋಗಲಿಲ್ಲ. ನಾನೇ "ಪೊಲೀಸರನ್ನು ಕರೀರಿ" ಅಂದಾಗ ಸುಮ್ಮನಾದರು. ಹಾಗಿದ್ದ ಮೇಲೆ ಗೋಡೌನಿನಲ್ಲಿ ನಿಲ್ಲಿಸಿಕೊಂಡಿದ್ದು ಯಾವ ಅಧಿಕಾರದಲ್ಲಿ? ಒಬ್ಬರನ್ನು ಅಕ್ರಮವಾಗಿ ಕೂಡಿಹಾಕಿದರೆ, ಯಾವ ಅಪರಾಧಕ್ಕೆ ಏನು ಶಿಕ್ಷೆ ಅಂತ ಹೇಳುವ ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಮಾನಹಾನಿಗೆ ಅದರಲ್ಲೇ 356ನೇ ಸೆಕ್ಷನ್ ಇದೆ. ಹೆಂಗಸರನ್ನು ಶೋಧ ಮಾಡಬೇಕಾದರೆ ಪೊಲೀಸರೇ ಆದರೂ ಇನ್ನೊಬ್ಬ ಹೆಂಗಸಿಂದಲೇ ಮಾಡಿಸಬೇಕು, ಮರ್ಯಾದೆಗೆ ಕುಂದು ಬರಬಾರದು. ಪೊಲೀಸರಿಗೇ ಇಲ್ಲದ ಅಧಿಕಾರ ನಿಮ್ಮ ಸೂಪರ್‌ವೈಸರ್‌ಗೆ ಎಲ್ಲಿಂದ ಬಂತು?

ಹೊರಗೆ ಬರುವಾಗ ನಿಮ್ಮ ಬೋರ್ಡ್ ಕಣ್ಣಿಗೆ ಬಿತ್ತು. "ಕಳ್ಳತನ ಮಾಡಿದರೆ ಹತ್ತು ಪಟ್ಟು ದಂಡ." ಅದರ ಕೆಳಗೆ ಮೂರ್ನಾಲ್ಕು ಜನರ ಫೋಟೋ ಪ್ರಿಂಟ್ ತೆಗೆದು ಅಂಟಿಸಿದ್ದೀರಿ. ಒಂದರಲ್ಲಿ ಸ್ಕೂಲ್ ಯೂನಿಫಾರ್ಮ್ ಹಾಕಿದ ಹುಡುಗ. ದಂಡ ಹಾಕುವುದು ಕೋರ್ಟಿನ ಕೆಲಸ, ಅಂಗಡಿಯದ್ದಲ್ಲ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯದನ್ನು ನಿಜವಾಗಿಯೂ ಕದ್ದು ಮೊದಲ ಸಲ ಶಿಕ್ಷೆಯಾದವರಿಗೂ, ಮಾಲು ವಾಪಸ್ ಕೊಟ್ಟರೆ, ಈಗಿನ ಕಾನೂನು ಹೇಳುವುದು ಸಮುದಾಯ ಸೇವೆ ಅಂತ. ನೀವು ಹತ್ತು ಪಟ್ಟು ಕೇಳುತ್ತೀರಿ. ಪೊಲೀಸ್ ಅಂತ ಹೆದರಿಸಿ ದುಡ್ಡು ಇಸಿದುಕೊಂಡರೆ ಅದನ್ನು ಸುಲಿಗೆ ಅನ್ನುತ್ತಾರೆ. ಆ ಹುಡುಗನ ಮನೆಯವರಿಗೆ ಫೋಟೋ ಅಲ್ಲಿರುವುದು ಗೊತ್ತಿದೆಯೋ ಇಲ್ಲವೋ.

ಗೋಡೌನಿನಲ್ಲಿ ನನ್ನದೂ ಫೋಟೋ ತೆಗೆದಿದ್ದಾರೆ. ಅದು ಈಗ ಯಾರ ಯಾರ ಫೋನಿನಲ್ಲಿ, ಯಾವ ವಾಟ್ಸಾಪ್ ಗ್ರೂಪಿನಲ್ಲಿ ಇದೆ? ಇದಕ್ಕೆ ನೇರ ಉತ್ತರ ಬೇಕು, ಅಳಿಸಿದ್ದೇವೆ ಅಂತ ಬರವಣಿಗೆಯಲ್ಲಿ ಬೇಕು. ಹಾಸನ ಏನು ಬೆಂಗಳೂರಾ? ಕಟ್ಟಿನಕೆರೆ ಮಾರ್ಕೆಟ್‌ಗೆ ಸೊಪ್ಪು ತರಲು ಹೋದರೂ ನಾಲ್ಕು ಜನ ಪರಿಚಯದವರು ಸಿಗುತ್ತಾರೆ. ಅವತ್ತು ಕ್ಯೂನಲ್ಲಿ ನನ್ನ ಮಗಳ ಕ್ಲಾಸಿನ ಹುಡುಗಿಯ ತಾಯಿ ಇದ್ದರು. ಅವರು ನೋಡಿದ್ದು ನನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದನ್ನು. ಬಿಳಿ ಪಟ್ಟಿ ಸಿಕ್ಕಿದ್ದನ್ನು ನೋಡಲಿಲ್ಲ. ನನ್ನ ದೂರಿನ ಮುಖ್ಯ ವಿಷಯ ಇದೇ. ಆಪಾದನೆ ಎಲ್ಲರ ಮುಂದೆ, ಬಿಡುಗಡೆ ಮಾತ್ರ ಮೂಟೆಗಳ ಮಧ್ಯೆ. ಆದ್ದರಿಂದ ಕ್ಷಮೆಯೂ ಅಂಗಡಿಯಲ್ಲೇ, ಅದೇ ಕೌಂಟರ್ ಹತ್ತಿರ, ಅಷ್ಟೇ ಜೋರಾಗಿ ಕೇಳಬೇಕು, ನಮ್ಮ ಅತ್ತೆಯ ಮುಂದೆ. ಮೇಲಿಂದ ನಿಮ್ಮ ಲೆಟರ್‌ಹೆಡ್‌ನಲ್ಲಿ ಕನ್ನಡದಲ್ಲಿ ಒಂದು ಪತ್ರವೂ ಬೇಕು, ತಪ್ಪು ನಮ್ಮದು, ಇವರು ಏನನ್ನೂ ತೆಗೆದಿರಲಿಲ್ಲ ಅಂತ. ಸೂಪರ್‌ವೈಸರ್‌ನ ಕೆಲಸದಿಂದ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ, ಕಲಿಸಿ. ಅಲಾರಂ ಕೂಗಿದರೆ ಏನು ಮಾಡಬೇಕು, ಬಿಲ್ ತಾಳೆಯಾದ ಮೇಲೆ ಏನು ಮಾಡಬಾರದು ಅಂತ ಅರ್ಧ ದಿನ ಕೂರಿಸಿ ಹೇಳಿ. ಆ ಬೋರ್ಡು, ಫೋಟೋಗಳು ಗೋಡೆಯಿಂದ ಇಳಿಯಲಿ. ಪ್ರತಿ ಶಿಫ್ಟ್‌ನಲ್ಲೂ ಒಬ್ಬ ಮಹಿಳಾ ಸೆಕ್ಯೂರಿಟಿ ಇರಲಿ.

ಇನ್ನೊಂದು, ತುಂಬಾ ಮುಖ್ಯವಾದದ್ದು. ಅವತ್ತಿನ ಸಿಸಿಟಿವಿ ರೆಕಾರ್ಡಿಂಗ್ ಅಳಿಸಿಹೋಗದಂತೆ ತೆಗೆದಿಡಿ, ಬಾಗಿಲದ್ದು, ಕೌಂಟರ್‌ದು, ಗೋಡೌನ್ ಕಡೆಯದ್ದು ಎಲ್ಲಾ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ತಾನಾಗೇ ಬರೆದುಕೊಳ್ಳುತ್ತದೆ ಅನ್ನುವುದು ನನಗೂ ಗೊತ್ತು. ಈ ಪತ್ರ ತಲುಪಿದ ಮೇಲೂ ಅಳಿಸಿಹೋದರೆ ಅದನ್ನೂ ಸೇರಿಸಿಯೇ ಮುಂದಿನ ದೂರು ಬರೆಯುತ್ತೇನೆ.

ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಆಮೇಲೆ ಇಲ್ಲೇ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ನಾನು ಇರುವ ಊರಲ್ಲೇ ದೂರು ಕೊಡಬಹುದು, ನಿಮ್ಮ ಕೇಂದ್ರ ಕಚೇರಿ ಎಲ್ಲೇ ಇರಲಿ. ಎರಡು ವರ್ಷದವರೆಗೆ ಅವಕಾಶ ಇದೆ, ವಕೀಲರೂ ಬೇಕಾಗಿಲ್ಲ, ಇಷ್ಟು ಸಣ್ಣ ಬಿಲ್ಲಿಗೆ ಶುಲ್ಕವೂ ಇಲ್ಲ. ಪೊಲೀಸ್ ದೂರಿನ ವಿಷಯ ಬೇರೆ, ಅದನ್ನು ನಿಮ್ಮ ಉತ್ತರ ನೋಡಿ ತೀರ್ಮಾನ ಮಾಡುತ್ತೇನೆ.

ಬಿಲ್ಲಿನ ಫೋಟೋ, ದುಡ್ಡು ಕಟ್ಟಿದ ಮೆಸೇಜು, ಟಾಪ್ ಕೊಂಡ ಅಂಗಡಿಯ ರಸೀದಿ, ಬಿಳಿ ಪಟ್ಟಿಯ ಫೋಟೋ ಜೊತೆಗಿವೆ. ಪಟ್ಟಿ ಮಾತ್ರ ನನ್ನ ಹತ್ತಿರವೇ ಇರುತ್ತದೆ. ಅವತ್ತು ನಿಮ್ಮವರು ಅದನ್ನು ಕಸದ ಬುಟ್ಟಿಗೆ ಹಾಕಿದ್ದರು, ನಾನೇ ಎತ್ತಿಕೊಂಡು ಬಂದೆ.

ಇಂತಿ,
ನಿಮ್ಮ ಗ್ರಾಹಕಿ,
ಹಾಸನ